ಹೆರಿಗೆಗೆ ತವರಿಗೆ ಬರುವ ಹಕ್ಕಿಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ಮದ್ದೂರಿಗೆ ಮೊದಲು ರುದ್ರಾಕ್ಷಿಪುರ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ಸುಮಾರು 12 ಕಿ.ಮೀ. ಒಳಗೆ ಹೋದರೆ ಕೊಕ್ಕರೆ ಬೆಳ್ಳೂರು. ನಾಡಹೆಂಚಿನ ಹಳೆಯ ಮನೆಗಳು, ದನದ ಕೊಟ್ಟಿಗೆಗಳು, ಹುಲ್ಲಿನ ಮೆದೆಗಳು, ತಿಪ್ಪೆಗಳು. ಮಂಡ್ಯ ಜಿಲ್ಲೆಯ ಯಾವುದೇ ಹಳ್ಳಿಯಂತೆಯೇ ಇದೂ ಕಾಣುತ್ತದೆ. ಆದರೆ ತಲೆಯೆತ್ತಿ ನೋಡಿದರೆ ಹಿತ್ತಿಲ ಹುಣಸೆ ಮರಗಳ ತುಂಬ ಗೂಡುಗಳು! ಪಕ್ಷಿಧಾಮಗಳಲ್ಲಿ ದೂರದರ್ಶಕ ಹಿಡಿದು ನೋಡಬೇಕಾದ ಹಕ್ಕಿಗಳು ಇಲ್ಲಿ ಕೊಟ್ಟಿಗೆಯ ಮಾಡಿನ ಮೇಲೆಯೇ ಸಂಸಾರ ಹೂಡಿರುತ್ತವೆ.

ಮುಖ್ಯವಾಗಿ ಬರುವವು ಎರಡು ಜಾತಿ. ಒಂದು ಹೆಜ್ಜಾರ್ಲೆ. ಉದ್ದನೆಯ ಕೊಕ್ಕಿನ ಕೆಳಗೆ ಚೀಲ, ಕೊಕ್ಕಿನ ಮೇಲೆ ಸಾಲಾಗಿ ಚುಕ್ಕೆಗಳು. ಇನ್ನೊಂದು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಬೆನ್ನಿನ ಕೊನೆಯಲ್ಲಿ ಯಾರೋ ಕುಂಚದಿಂದ ಎಳೆದಂತೆ ಗುಲಾಬಿ ಗರಿಗಳು. ಚಳಿಗಾಲದ ಆರಂಭದಲ್ಲಿ ಬಂದು, ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಮರಿಗಳೊಂದಿಗೆ ಹಾರಿ ಹೋಗುತ್ತವೆ. ಶಿಂಷಾ ನದಿ ಮತ್ತು ಸುತ್ತಲಿನ ಕೆರೆಗಳ ಮೀನೇ ಅವುಗಳ ಆಹಾರ. ತಾಯಿ ಹೆಜ್ಜಾರ್ಲೆ ಬಾಯಿ ತೆರೆದಾಗ ಮರಿಯು ತನ್ನ ತಲೆಯನ್ನೇ ಒಳಗೆ ತೂರಿಸಿ ಮೀನು ತಿನ್ನುವ ದೃಶ್ಯವನ್ನು ಸೆರೆಹಿಡಿಯಲು ಛಾಯಾಗ್ರಾಹಕರು ಗಂಟೆಗಟ್ಟಲೆ ಕಾಯುತ್ತಾರೆ.

ಊರವರು ಈ ಹಕ್ಕಿಗಳನ್ನು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಒಂದು ಶತಮಾನದ ಹಿಂದೆ ಪ್ಲೇಗ್ ಬಂದಾಗ ನದಿದಂಡೆಯ ಹಳೆಯ ಊರನ್ನು ಬಿಟ್ಟು ಜನ ಈಗಿನ ಜಾಗಕ್ಕೆ ಬಂದರಂತೆ. ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂಬುದು ಹಿರಿಯರ ಮಾತು.

ಫೋಟೋದಲ್ಲಿ ಕಾಣದ ಲೆಕ್ಕ

ಬಾಣಂತನದ ಖರ್ಚು ಏನೆಂದು ತವರಿನವರಿಗೆ ಗೊತ್ತು. ಹುಣಸೆ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಮರದಲ್ಲಿ ಮರಿಗಳಿರುತ್ತವೆ. ಮರ ಹತ್ತಿ ಬಡಿಯುವಂತಿಲ್ಲ. ಹಿಕ್ಕೆ ಬಿದ್ದು ಹಣ್ಣೂ ಕೆಡುತ್ತದೆ. ಅಂಗಳದಲ್ಲಿ ಬಟ್ಟೆ ಒಣಗಹಾಕುವುದು ಕಷ್ಟ. ಮೀನಿನ ವಾಸನೆ ಬೇರೆ. ದಿನವೂ ಅಂಗಳ ಗುಡಿಸುವವಳು ಮನೆಯ ಹೆಣ್ಣುಮಗಳೇ. ಮರದ ಕೆಳಗೆ ಬೀಳುವ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ ಎಂಬುದೊಂದು ಸಮಾಧಾನ. ಗೂಡಿರುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆಯು ಪರಿಹಾರ ಧನವನ್ನೂ ನೀಡಿದೆ. ಆದರೆ ಒಂದು ಹುಣಸೆ ಮರದ ಫಸಲಿನ ಬೆಲೆ ಅಡುಗೆಮನೆ ನಡೆಸುವವರಿಗೆ ಯಾರೂ ಹೇಳಿಕೊಡಬೇಕಿಲ್ಲ.

2007ರಲ್ಲಿ ಸರಕಾರವು ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅದಕ್ಕೂ ಮುಂಚೆ, 1990ರ ದಶಕದಲ್ಲಿಯೇ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡಿದ್ದರು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿ ತಂದು, ಬಲೆಯ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವುದು ಅವರ ಕೆಲಸ. 2017ರ ಕೊನೆಯಲ್ಲಿ ಜಂತುಹುಳುಗಳ ಬಾಧೆಯಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದಾಗ ಇಡೀ ಊರಿಗೆ ಆತಂಕ ಕವಿದಿತ್ತು. ಕೆರೆಗಳು ಕೆಟ್ಟರೆ, ಹಳೆಯ ಮರಗಳು ಉರುಳಿದರೆ ಈ ಬಾಂಧವ್ಯಕ್ಕೆ ನೆಲೆಯೇ ಇರುವುದಿಲ್ಲ.

ಕ್ಯಾಮೆರಾ ಹಿಡಿದವರ ಶಿಷ್ಟಾಚಾರ

ಫೋಟೋ ತೆಗೆಯಬಯಸುವವರು ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಬೆಳಗಿನ ಹೊತ್ತಿಗೇ ಅಲ್ಲಿರಬೇಕು. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಕೊಟ್ಟಿಗೆಯ ಮಣ್ಣಿನ ಗೋಡೆಯೂ ಕೊಕ್ಕರೆಯ ಗುಲಾಬಿ ಗರಿಯೂ ಒಟ್ಟಿಗೆ ಹೊಳೆಯುತ್ತವೆ. ಮಧ್ಯಾಹ್ನದ ಬಿಸಿಲಿಗೆ ಬಿಳಿ ಗರಿಗಳು ಫೋಟೋದಲ್ಲಿ ಬರೀ ಬಿಳಿಯಾಗಿಬಿಡುತ್ತವೆ. ಹಕ್ಕಿಗಳು ಹತ್ತಿರವೇ ಇರುವುದರಿಂದ ಭಾರೀ ಲೆನ್ಸ್ ಇಲ್ಲದಿದ್ದರೂ ನಡೆಯುತ್ತದೆ.

ಆದರೆ ಕೆಲವರು ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟುತ್ತಾರೆ, ಕಲ್ಲೆಸೆಯುತ್ತಾರೆ. ತಾಯಿ ಹಕ್ಕಿ ಬೆದರಿ ಎದ್ದರೆ ಮೊಟ್ಟೆ ಕೆಳಗುರುಳಬಹುದು, ಪುಟ್ಟ ಮರಿ ಬಿಸಿಲಿಗೆ ಬಾಡಬಹುದು. ಒಮ್ಮೆ ಪ್ರಯಾಣದಲ್ಲಿ ಸಂಗಾತಿಗಳು ಒಂದು ಪುಟ್ಟ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ, ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಚಡಪಡಿಸುವುದನ್ನು ಪ್ರವಾದಿ ಮುಹಮ್ಮದ್(ಸ) ಕಂಡರು. ಅದನ್ನು ನೋಯಿಸಿದವರು ಯಾರೆಂದು ಕೇಳಿ, ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರೆಂದು ಅಬೂದಾವೂದ್ ಗ್ರಂಥದ ಹದೀಸ್‌ನಲ್ಲಿದೆ. ಗೂಡಿನೆದುರು ನಿಂತ ನಮಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕೆ?

ಇನ್ನೊಂದು ಮಾತು. ಇದು ಮೃಗಾಲಯವಲ್ಲ, ಜನರ ಮನೆ. ಮರವಿರುವುದು ಯಾರದೋ ಹಿತ್ತಿಲಲ್ಲಿ. ಸಲಾಮ್ ಹೇಳಿ ಅನುಮತಿ ಪಡೆಯದೆ ಪರರ ಮನೆಯೊಳಗೆ ಕಾಲಿಡಬಾರದೆಂದು ಕುರ್‌ಆನ್ ನಮಗೆ ಕಲಿಸಿದೆ. ಆ ನಿಯಮ ಕ್ಯಾಮೆರಾದ ಕಣ್ಣಿಗೂ ಅನ್ವಯಿಸಬೇಡವೇ? ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿರುವ, ಅಂಗಳದಲ್ಲಿ ಪಾತ್ರೆ ತೊಳೆಯುತ್ತಿರುವ ಸಹೋದರಿಯ ಚಿತ್ರವನ್ನು ಕೇಳದೆ ತೆಗೆಯುವುದು ಸಲ್ಲದು. ನಮ್ಮ ಅಂಗಳದಲ್ಲಿ ಅಪರಿಚಿತರು ಹಾಗೆ ಮಾಡಿದರೆ ನಾವು ಸಹಿಸುವೆವೇ? ಕೇಳಿದರೆ, ಯಾವ ಮರದಲ್ಲಿ ಎಷ್ಟು ಮರಿಗಳಿವೆಯೆಂದು ಅವರೇ ತೋರಿಸಿಯಾರು.

ಒಬ್ಬ ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನೋ ಪ್ರಾಣಿಯೋ ಹಕ್ಕಿಯೋ ತಿಂದರೆ ಅದು ಅವನ ಪಾಲಿಗೆ ದಾನವೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಕೊಕ್ಕರೆ ಬೆಳ್ಳೂರಿನ ಹಕ್ಕಿ ಹುಣಸೆಯನ್ನು ತಿನ್ನುವುದಿಲ್ಲ. ಮರವನ್ನೇ ಕೆಲವು ತಿಂಗಳು ಕೇಳಿ ಪಡೆಯುತ್ತದೆ. ಆ ಊರಿನ ಬಡ ಮನೆಗಳು ತಲೆತಲಾಂತರದಿಂದ ಇಲ್ಲವೆನ್ನದೆ ಕೊಡುತ್ತಾ ಬಂದಿವೆ. ಅಲ್ಲಿಂದ ಚಿತ್ರಗಳನ್ನು ತರುವಾಗ ಹಕ್ಕಿಯೊಂದಿಗೆ ಕೆಳಗಿನ ಕೊಟ್ಟಿಗೆಯೂ, ಗುಡಿಸಿದ ಅಂಗಳವೂ ಚೌಕಟ್ಟಿನೊಳಗೆ ಇರಲಿ. ಈ ಹಕ್ಕಿಗಳು ಯಾರ ಆಸರೆಯಲ್ಲಿ ಬದುಕಿವೆಯೆಂದು ನಮ್ಮ ಮಕ್ಕಳಿಗೆ ತಿಳಿಯಲಿ.