ಅಂಶ ಮತ್ತು ಛೇದ

ಮಂಜೇಶ್ವರ ತಾಲೂಕಿನ ಒಂದು ಗ್ರಾಮದಲ್ಲಿ ನಿವೃತ್ತ ಅಧ್ಯಾಪಕರೊಬ್ಬರಿದ್ದಾರೆ. ಮೂರು ದಶಕಗಳ ಕಾಲ ಅಲ್ಲಿನ ಕನ್ನಡ ಮಾಧ್ಯಮದ ಸರಕಾರಿ ಎಲ್.ಪಿ. ಶಾಲೆಯಲ್ಲಿ ಕಲಿಸಿದವರು. ಎಲ್ಲ ವಿಷಯಗಳನ್ನೂ ಬೋಧಿಸಿದರೂ ಒಲವು ಗಣಿತದ ಮೇಲೆ. ಊರಿನವರಿಗೆ ಅವರು ಇಂದಿಗೂ ‘ಮಾಷ್ಟ್ರು’.

ಬೇಸಿಗೆಯಲ್ಲಿ ಅಂಗಡಿ ಜಗಲಿಯಲ್ಲಿ ಒಂದು ಮಾತು ಹಬ್ಬಿತು: ತಮ್ಮ ಪಂಚಾಯತು ನೆರೆಯ ಪಂಚಾಯತಿನೊಡನೆ ಸೇರಿ ನಗರಸಭೆಯಾಗಲಿದೆಯಂತೆ. ಅದು ಸುದ್ದಿಯೋ, ಯಾರದೋ ಆಸೆಯೋ ಯಾರಿಗೂ ತಿಳಿಯದು. ತರುಣರು ಹಿಗ್ಗಿದರು. ಮಾಷ್ಟ್ರೂ ವಿರೋಧಿಸಲಿಲ್ಲ. ಕಸ ಸುರಿಯಲು ಜಾಗವಿಲ್ಲದೆ, ಒಬ್ಬ ಇಂಜಿನಿಯರಿಗಾಗಿ ತಿಂಗಳುಗಟ್ಟಲೆ ಕಾದು, ಪಂಚಾಯತು ಪರದಾಡಿದ್ದನ್ನು ಕಣ್ಣಾರೆ ಕಂಡವರು ಅವರು. ದೊಡ್ಡ ಸಂಸ್ಥೆಗೆ ವರಮಾನ ಹೆಚ್ಚು, ನೌಕರರೂ ಹೆಚ್ಚು. ಇದರಲ್ಲಿ ಸುಳ್ಳಿಲ್ಲ.

ಆದರೆ ಬದಲಾವಣೆ ಹೆಸರುಫಲಕದ್ದಷ್ಟೇ ಅಲ್ಲ. ಕೇರಳದ ಗ್ರಾಮಪ್ರದೇಶದಲ್ಲಿ ಸ್ಥಳೀಯಾಡಳಿತಕ್ಕೆ ಮೂರು ಹಂತಗಳು: ಗ್ರಾಮ, ಬ್ಲಾಕು, ಜಿಲ್ಲೆ. ಸರಕಾರಿ ಪ್ರಾಥಮಿಕ ಶಾಲೆಯ ಹೊಣೆ ಗ್ರಾಮ ಪಂಚಾಯತಿನದು. ಪ್ರೌಢಶಾಲೆಯದು ಜಿಲ್ಲಾ ಪಂಚಾಯತಿನದು. ನಗರಸಭೆಯಾದಲ್ಲಿ ಈ ಮೆಟ್ಟಿಲುಗಳಿಲ್ಲ, ಎಲ್ಲವೂ ಒಂದೇ ಸೂರಿನಡಿ. ಮಾಷ್ಟ್ರಿಗೆ ನೆನಪಾದದ್ದು ಹಿಂದಿನೊಂದು ಗ್ರಾಮಸಭೆ. ಮೂರನೆಯ ತರಗತಿಯ ಮಾಡು ಸೋರುತ್ತದೆಂದು ಒಬ್ಬ ತಾಯಿ ಎದ್ದುನಿಂತು ಕನ್ನಡದಲ್ಲಿಯೇ ದೂರಿದ್ದಳು. ಉತ್ತರ ಕೊಟ್ಟ ವಾರ್ಡು ಸದಸ್ಯೆ ಅದೇ ಶಾಲೆಯಲ್ಲಿ, ಅದೇ ಮಾಡಿನ ಕೆಳಗೆ ಕಲಿತವಳು. ನಗರಸಭೆಯಲ್ಲಿಯೂ ವಾರ್ಡು ಸಭೆಯುಂಟು, ನಿಜ. ಆದರೆ ತೀರ್ಮಾನ ಕೈಗೊಳ್ಳುವ ಮೇಜಿನ ಸುತ್ತ ಕನ್ನಡ ಬಲ್ಲವರು ಎಷ್ಟು ಮಂದಿ ಉಳಿದಾರು?

ಈ ಪ್ರಶ್ನೆಗೆ ಒಂದು ದಾರಿ ದೂರದಿಂದ ತೆರೆಯಿತು. ಅವರ ಹಳೆಯ ಶಿಷ್ಯನೊಬ್ಬ ಬ್ರಿಟನ್ನಿನ ವೇಲ್ಸ್‌ನಲ್ಲಿ, ಅಬೆರಿಸ್ಟ್‌ವಿತ್ ಎಂಬ ಕಡಲತೀರದ ಪಟ್ಟಣದಲ್ಲಿ ನೆಲೆಸಿದ್ದಾನೆ. ಅವನ ಮಗಳು ಕಲಿಯುವುದು ವೆಲ್ಷ್ ಮಾಧ್ಯಮದ ಶಾಲೆಯಲ್ಲಿ. ಭಾನುವಾರದ ಫೋನಿನಲ್ಲಿ ನಗರಸಭೆಯ ವಿಚಾರ ಬಂದಾಗ ಆತ, “ಮಾಷ್ಟ್ರೇ, ಇಲ್ಲಿಯೂ ಇದೇ ಚರ್ಚೆ ನಡೆದಿತ್ತು” ಎಂದು ಹೇಳತೊಡಗಿದ.

1974ರಿಂದ ವೇಲ್ಸ್‌ನಲ್ಲಿ ಎರಡು ಹಂತಗಳಿದ್ದವು: 8 ಕೌಂಟಿಗಳು, ಅವುಗಳ ಕೆಳಗೆ 37 ಜಿಲ್ಲೆಗಳು. 1996ರ ಏಪ್ರಿಲ್‌ನಲ್ಲಿ ಅವೆಲ್ಲವನ್ನೂ ರದ್ದುಪಡಿಸಿ 22 ಏಕಹಂತದ ಕೌನ್ಸಿಲುಗಳನ್ನು ರಚಿಸಲಾಯಿತು. ಅದರಿಂದ ವೆಲ್ಷ್‌ಗೆ ಕೇಡೇ ಆಯಿತೆನ್ನಲಾಗದು. ಗ್ವಿನೆಡ್ ಕೌನ್ಸಿಲು ಇಂದಿಗೂ ತನ್ನ ಒಳ ವ್ಯವಹಾರವನ್ನು ವೆಲ್ಷ್‌ನಲ್ಲಿಯೇ ನಡೆಸುತ್ತದೆ. ಡಿವೆಡ್ ಎಂಬ ದೊಡ್ಡ ಕೌಂಟಿ ಒಡೆದು ಕೆರೆಡಿಗಿಯಾನ್, ಕಾರ್ಮಾರ್ಥೆನ್‌ಷೈರ್, ಪೆಂಬ್ರೋಕ್‌ಷೈರ್ ಎಂಬ ಮೂರಾದಾಗ ಶಾಲೆಗಳನ್ನು ನೋಡಿಕೊಳ್ಳುವ ಕಚೇರಿ ಊರಿಗೆ ಹತ್ತಿರವೇ ಬಂತು. ತೊಡಕು ಎದುರಾದದ್ದು 2014ರಲ್ಲಿ. ಪಾಲ್ ವಿಲಿಯಮ್ಸ್ ಅಧ್ಯಕ್ಷತೆಯ ಆಯೋಗ 22 ಕೌನ್ಸಿಲುಗಳನ್ನು 10ರಿಂದ 12ಕ್ಕೆ ಇಳಿಸಬೇಕೆಂದಿತು. ಅದರಂತೆ ಅಬೆರಿಸ್ಟ್‌ವಿತ್ ಇರುವ ಕೆರೆಡಿಗಿಯಾನ್, ಪೆಂಬ್ರೋಕ್‌ಷೈರಿನೊಡನೆ ಕೂಡಬೇಕಿತ್ತು.

ಮಾಷ್ಟ್ರು ಹಳೆಯ ಡೈರಿಯ ಹಾಳೆಯಲ್ಲಿ ಲೆಕ್ಕ ಬರೆದುಕೊಂಡರು. 2011ರ ಜನಗಣತಿಯಂತೆ, ಮೂರು ವರ್ಷ ತುಂಬಿದವರ ಪೈಕಿ, ಕೆರೆಡಿಗಿಯಾನ್‌ನ ಸುಮಾರು 74 ಸಾವಿರ ಜನರಲ್ಲಿ ವೆಲ್ಷ್ ಆಡುವವರು 35 ಸಾವಿರ. ನೂರಕ್ಕೆ 47. ಪೆಂಬ್ರೋಕ್‌ಷೈರಿನ 1 ಲಕ್ಷ 18 ಸಾವಿರದಲ್ಲಿ 23 ಸಾವಿರ. ನೂರಕ್ಕೆ 19. ಕೂಡಿಸಿದರೆ ನೂರಕ್ಕೆ 30. ಒಬ್ಬರೂ ಊರು ಬಿಟ್ಟಿಲ್ಲ, ಒಬ್ಬರೂ ಭಾಷೆ ಮರೆತಿಲ್ಲ. ಆದರೂ ಅರ್ಧದ ಸಮೀಪವಿದ್ದವರು ಮೂರರಲ್ಲೊಂದು ಪಾಲಿಗಿಂತ ಕೆಳಗೆ ಜಾರುತ್ತಾರೆ. ನಾಲ್ಕನೆಯ ತರಗತಿಯ ಮಕ್ಕಳಿಗೆ ಅವರು ಎಷ್ಟು ಸಲ ಹೇಳಿರಲಿಲ್ಲ: ಅಂಶ ಇದ್ದಂತೆಯೇ ಇದ್ದು ಛೇದ ದೊಡ್ಡದಾದರೆ ಭಿನ್ನರಾಶಿ ಕಿರಿದಾಗುತ್ತದೆ. ಇಲ್ಲಿಯಂತೂ ಅಂಶ ಹೆಚ್ಚಿದರೂ ಛೇದ ಅದನ್ನು ನುಂಗಿತು.

ಆ ವಿಲೀನ ನಡೆಯಲಿಲ್ಲ. ಸರಕಾರ ನಕ್ಷೆಗಳನ್ನು ಮತ್ತೆ ಮತ್ತೆ ತಿದ್ದಿ, ಕೊನೆಗೆ ಯೋಜನೆಯನ್ನೇ ಕೈಬಿಟ್ಟಿತು. ಇಂದಿಗೂ ಅಲ್ಲಿರುವುದು 22 ಕೌನ್ಸಿಲುಗಳೇ.

ನಮ್ಮ ಕಾನೂನಿನಲ್ಲಿಯೂ ಛೇದ ಅಡಗಿ ಕುಳಿತಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರತಕ್ಕದ್ದು. ಆದರೆ ಆ ಕಚೇರಿಗಳು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿ ಇರಬೇಕು. ಮುಖ್ಯ ಕಾನೂನು, ನಿಯಮಗಳ ಸಾರವನ್ನು ಅಲ್ಪಸಂಖ್ಯಾತರ ಭಾಷೆಯಲ್ಲಿ ಪ್ರಕಟಿಸಬೇಕೆಂಬ ರಾಷ್ಟ್ರಮಟ್ಟದ ಒಪ್ಪಿಗೆಗೂ ಶೇಕಡಾ 15ರ ಅಳತೆಗೋಲಿದೆ. ಹಕ್ಕು ತನ್ನೊಡನೆಯೇ ನಡೆದುಬರುತ್ತದೆಂದು ನಂಬಿದವನು ‘ಪ್ರದೇಶ’ವೆಂಬ ಪದವನ್ನು ಓದುವುದೇ ಇಲ್ಲ. ಸಂವಿಧಾನದ 350ಎ ಅನುಚ್ಛೇದವಾದರೋ, ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ಯತ್ನಿಸುವ ಹೊಣೆಯನ್ನು ರಾಜ್ಯದ ಜೊತೆಗೆ ‘ಪ್ರತಿಯೊಂದು ಸ್ಥಳೀಯ ಪ್ರಾಧಿಕಾರ’ದ ಮೇಲೂ ಹೊರಿಸಿದೆ. ಪಂಚಾಯತು ಹೋಗಿ ನಗರಸಭೆ ಬಂದರೂ ಈ ಹೊಣೆ ತಪ್ಪದು. ‘ಯತ್ನ’ ಎಂಬ ಪದ ಮಾತ್ರ ನ್ಯಾಯಾಲಯದಲ್ಲಿ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ.

ಛೇದವಿಲ್ಲದ ಲೆಕ್ಕವೂ ಒಂದಿದೆ. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿದ ಸೂತ್ರವಿದು: ತರಗತಿಯಲ್ಲಿ 10, ಇಲ್ಲವೇ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಅಧ್ಯಾಪಕರನ್ನು ಒದಗಿಸಬೇಕು. ಊರು ಎಷ್ಟೇ ಹಿಗ್ಗಲಿ, ಈ ಹತ್ತು ಹತ್ತಾಗಿಯೇ ಉಳಿಯುತ್ತದೆ.

ಜೂನ್ ಮೊದಲ ವಾರದಲ್ಲಿ ಮಾಷ್ಟ್ರು ಎರಡು ಪುಟಗಳ ಮನವಿಯನ್ನು ಕನ್ನಡದಲ್ಲಿ ಬರೆದು ಮುಗಿಸಿದರು. ಪಂಚಾಯತಿನ ಗಡಿ ಬದಲಾಗುವುದಿದ್ದರೆ ಕರಡು ನಕ್ಷೆಯ ವಿವರ ಕನ್ನಡದಲ್ಲಿಯೂ ಪ್ರಕಟವಾಗಲಿ, ಹೊಸ ಸಂಸ್ಥೆಯ ಇಡೀ ವ್ಯಾಪ್ತಿ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಆದೇಶದಲ್ಲಿಯೇ ನಮೂದಾಗಲಿ, ಆಕ್ಷೇಪ ಕೇಳುವಾಗ ಕನ್ನಡ ಬಲ್ಲ ಅಧಿಕಾರಿಯಿರಲಿ ಎಂದು ಕೋರಿದ್ದರು. ರಕ್ಷಕ ಶಿಕ್ಷಕ ಸಂಘದವರ ಸಹಿಗಾಗಿ ಅದನ್ನು ಶಾಲೆಗೆ ಒಯ್ದಾಗ ಮುಖ್ಯೋಪಾಧ್ಯಾಯಿನಿ ಹಾಜರಿ ಪುಸ್ತಕ ತೆರೆದು ಕುಳಿತಿದ್ದರು.

“ಒಂದನೆಯ ತರಗತಿಗೆ ಎಷ್ಟಾಯಿತು ಟೀಚರೇ?”

“ಒಂಬತ್ತು, ಮಾಷ್ಟ್ರೇ. ಗುಡ್ಡೆಯ ಮೇಲಿನ ಮನೆಯವರು ಇನ್ನೂ ಏನೂ ಹೇಳಿಲ್ಲ.”

ಮಕ್ಕಳ ಲೆಕ್ಕ ಹಿಡಿಯುವ ಆರನೆಯ ಕೆಲಸದ ದಿನಕ್ಕೆ ಇನ್ನೆರಡೇ ದಿನಗಳು ಉಳಿದಿದ್ದವು. ಮಾಷ್ಟ್ರು ಮನವಿಯನ್ನು ಮೇಜಿನ ಮೇಲಿರಿಸಿ, ಕೊಡೆ ತೆಗೆದುಕೊಂಡು ಗುಡ್ಡೆಯ ಕಡೆಗೆ ಹೊರಟರು.