ನೆಕ್ಕರ್ ತೀರದ ಕ್ರಿಸ್‌ಮಸ್

ದಕ್ಷಿಣ ಜರ್ಮನಿಯ ನೆಕ್ಕರ್ ನದಿಯ ದಂಡೆಯಲ್ಲಿ ಟ್ಯೂಬಿಂಗೆನ್ ಎಂಬ ಪುಟ್ಟ ನಗರವಿದೆ. 1477ರಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾನಿಲಯವೇ ಅದರ ಕೀರ್ತಿಗೆ ಕಾರಣ. ಕನ್ನಡಿಗರಿಗೆ ಆ ಊರು ಮತ್ತೊಂದು ಕಾರಣದಿಂದ ಆಪ್ತವಾದುದು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮಗಿತ್ತ ಕಿಟ್ಟೆಲ್ ಮಹಾಶಯರು 1903ರಲ್ಲಿ ಕಣ್ಮುಚ್ಚಿದುದು ಅಲ್ಲಿಯೇ. ವ್ಯಾಸಂಗದ ನಿಮಿತ್ತ ಕೆಲವು ತಿಂಗಳು ಅಲ್ಲಿ ನೆಲಸಿದ್ದಾಗ ಕ್ರಿಸ್‌ಮಸ್ ಹಬ್ಬವನ್ನು ಕಾಣುವ ಯೋಗ ನನಗೆ ಒದಗಿತು. ನಾನು ಕ್ರೈಸ್ತನಲ್ಲ, ಸ್ವಂತ ಮನೆಯಲ್ಲಿಯೂ ಪೂಜೆಗೆ ಕುಳಿತವನಲ್ಲ. ಇಂಥವನಿಗೆ ಪರದೇಶದಲ್ಲಿ, ಪರಧರ್ಮದ ಹಬ್ಬದಲ್ಲಿ ಏನು ಪಾಲು?

ಹಬ್ಬದ ಸಿದ್ಧತೆ ನಾಲ್ಕು ಭಾನುವಾರಗಳ ಮೊದಲೇ ಆರಂಭವಾಗುತ್ತದೆ. ಹಸಿರು ರೆಂಬೆಗಳ ವರ್ತುಲದಲ್ಲಿ ನಾಲ್ಕು ಮೇಣದಬತ್ತಿಗಳನ್ನು ನಿಲ್ಲಿಸಿ ವಾರಕ್ಕೊಂದರಂತೆ ಹೊತ್ತಿಸುತ್ತಾರೆ. ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ವಿಖೆರ್ನ್ ಎಂಬಾತ 1839ರಲ್ಲಿ ಗಾಡಿಯ ಚಕ್ರವೊಂದಕ್ಕೆ ಬತ್ತಿಗಳನ್ನು ಸಿಕ್ಕಿಸಿ, ಹಬ್ಬಕ್ಕೆ ಉಳಿದ ದಿನಗಳನ್ನು ಎಣಿಸಲು ಮಕ್ಕಳಿಗೆ ಕಲಿಸಿದನಂತೆ. ಈ ಪದ್ಧತಿಯ ಮೂಲ ಅದು. ಮನೆಮನೆಯಲ್ಲಿಯೂ ದಾಲ್ಚಿನ್ನಿ, ಲವಂಗಗಳ ಪರಿಮಳ. ಸೋಂಪು ಬೆರೆಸಿದ ಹಿಟ್ಟನ್ನು ಕೆತ್ತನೆಯ ಮರದ ಅಚ್ಚಿಗೊತ್ತಿ, ಒಣಗಿಸಿ ಬೇಯಿಸಿದ 'ಷ್ಪ್ರಿಂಗರ್ಲೆ' ಎಂಬ ಬಿಳಿಯ ಬಿಸ್ಕತ್ತುಗಳನ್ನು ಕಂಡಾಗ, ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚುಗಳು ನೆನಪಾಗದಿರಲಿಲ್ಲ.

ಆದರೆ ಒಂದು ಅಂತರವುಂಟು. ನಮ್ಮ ಹಬ್ಬ ಬೀದಿಗಿಳಿಯುತ್ತದೆ. ಅವರದು ಬಾಗಿಲು ಮುಚ್ಚಿಕೊಂಡು ಒಳಸೇರುತ್ತದೆ. ಡಿಸೆಂಬರ್ 24ರ ಸಂಜೆಯೇ ಅವರಿಗೆ ಮುಖ್ಯ. ಮಧ್ಯಾಹ್ನ ಎರಡಕ್ಕೆಲ್ಲ ಅಂಗಡಿಗಳು ಮುಚ್ಚಿದವು. ನಾಲ್ಕೂವರೆಗೆ ಸೂರ್ಯ ಮುಳುಗಿದ. ಚಿತ್ರಪಟಗಳಲ್ಲಿ ಕಾಣುವ ಹಿಮವಿರಲಿಲ್ಲ, ಜಿನುಗುಮಳೆಯಿತ್ತು. ಜೊತೆಯ ವಿದ್ಯಾರ್ಥಿಗಳೆಲ್ಲರೂ ತಮ್ಮ ತಮ್ಮ ಊರು ಸೇರಿದ್ದರು. ಸಾಲು ಕಿಟಕಿಗಳಲ್ಲಿ ದೀಪಗಳು ಬೆಳಗುತ್ತಿದ್ದವು, ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. 'ಪರದೇಶಿ' ಎಂಬ ಪದದ ಎರಡೂ ಅರ್ಥಗಳು ಆ ಮೌನದಲ್ಲಿ ನಿಘಂಟಿನ ನೆರವಿಲ್ಲದೆಯೇ ಹೊಳೆಯುತ್ತವೆ.

ಅಷ್ಟರಲ್ಲಿ ಕೆಳಗಿನ ಮನೆಯ ಒಡತಿ, ಎಪ್ಪತ್ತು ದಾಟಿದ ವೃದ್ಧೆ, ಬಾಗಿಲು ತಟ್ಟಿ ಊಟಕ್ಕೆ ಕರೆದರು. "ಕ್ಷಮಿಸಿ, ನಾನು ದೇವರನ್ನು ನಂಬುವವನಲ್ಲ" ಎಂದೆ. "ಆಲೂಗಡ್ಡೆಯನ್ನು ನಂಬುತ್ತೀರಷ್ಟೆ? ಬನ್ನಿ!" ಎಂದರು.

ಆಕೆ ಹೇಳಿದ್ದು ವಿನೋದಕ್ಕಲ್ಲ. ಆ ಸಂಜೆಯ ರೂಢಿಯ ಅಡಿಗೆ ಆಲೂಗಡ್ಡೆಯ ಕೋಸಂಬರಿ ಮತ್ತು ಮಾಂಸದ ಸಾಸೇಜು, ಅಷ್ಟೇ. ಆಲೂಗಡ್ಡೆಗೆ ಮಾಂಸದ ತಿಳಿಸಾರನ್ನು ಸುರಿಯುವುದು ಆ ಸೀಮೆಯ ಕ್ರಮ. ನಾನು ಶಾಕಾಹಾರಿಯೆಂದು ಬಲ್ಲ ಆಕೆ ತರಕಾರಿಯ ಸಾರಿನಿಂದ ಬೇರೆಯೇ ಒಂದು ಬಟ್ಟಲನ್ನು ಸಿದ್ಧಪಡಿಸಿದ್ದರು. ಅಂದರೆ, ನಾನು ಒಪ್ಪುವ ಮೊದಲೇ ನನ್ನ ಪಾಲು ಬೆಂದು ಸಿದ್ಧವಾಗಿತ್ತು!

ಊಟವಾದ ಮೇಲೆ ಪುಟ್ಟ ಗಂಟೆಯೊಂದು ಮೊಳಗಿತು. ಮುಚ್ಚಿದ್ದ ಕೋಣೆಯ ಬಾಗಿಲು ತೆರೆಯಿತು. ಮೊಮ್ಮಕ್ಕಳು ದೀಪಾಲಂಕೃತ ವೃಕ್ಷದತ್ತ ಓಡಿದರು. ಆಮೇಲೆ ಎಲ್ಲರೂ ಎದ್ದುನಿಂತು, 1818ರಲ್ಲಿ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಮೊದಲು ಕೇಳಿಬಂದ 'ಷ್ಟಿಲ್ಲೆ ನಾಖ್ಟ್' ಗೀತೆಯನ್ನು ಹಾಡತೊಡಗಿದರು. ನಂಬದವನು ಏನು ಮಾಡಬೇಕು? ಹಾಡಿದರೆ ನಟನೆ, ಕುಳಿತರೆ ಉದ್ಧಟತನ. ನಾನು ಎದ್ದುನಿಂತೆ, ಹಾಡಲಿಲ್ಲ. ನನ್ನ ಗೌರವ ಆ ಹಾಡಿನ ದೇವರಿಗಲ್ಲ, ಹಾಡುತ್ತಿದ್ದವರಿಗೆ ಸಲ್ಲಬೇಕಾದುದಾಗಿತ್ತು. ಪಕ್ಕದಲ್ಲಿದ್ದ ಆಕೆಯ ಮಗ, "ನಾನೂ ಇಗರ್ಜಿಗೆ ಹೋಗುವುದು ವರ್ಷಕ್ಕೊಮ್ಮೆ, ಅಮ್ಮನಿಗಾಗಿ" ಎಂದು ಪಿಸುಗುಟ್ಟಿದ. ತಾಯಿಯ ಮಾತು ಮೀರಲಾರದೆ ಯುಗಾದಿಯಂದು ಎಣ್ಣೆಸ್ನಾನಕ್ಕೆ ಕೂರುವ ನಾಸ್ತಿಕರು ನಮ್ಮಲ್ಲಿಯೂ ಕಡಿಮೆಯೇ?

ಕಿಟ್ಟೆಲರು 1853ರಲ್ಲಿ ನಮ್ಮ ನಾಡಿಗೆ ಬಂದುದು ತಮ್ಮ ಧರ್ಮವನ್ನು ಸಾರುವುದಕ್ಕೆ. ಆದರೂ ನಮ್ಮ ದೇವತೆಗಳ, ವ್ರತಗಳ, ಹಬ್ಬಗಳ ಪದಗಳನ್ನು ಅವರು ಶ್ರದ್ಧೆಯಿಂದ ಆಯ್ದು ಜೋಡಿಸಿದರು. ಅದಕ್ಕಾಗಿ ತಮ್ಮ ನಂಬಿಕೆಯನ್ನು ಬಿಟ್ಟುಕೊಡಲಿಲ್ಲ. ಪರರ ಹಬ್ಬವನ್ನು ಅರಿಯಲು ಅವರ ದೇವರನ್ನು ಒಪ್ಪಲೇಬೇಕೆಂದಿಲ್ಲ. ಅವರ ಮನೆಯ ದೀಪಕ್ಕೆ ಬೆನ್ನು ತಿರುಗಿಸದಿದ್ದರೆ ಸಾಕು.

ಹೊರಡುವಾಗ ಆಕೆ, "ನಿಮ್ಮ ದೀಪದ ಹಬ್ಬ ಯಾವಾಗ?" ಎಂದು ಕೇಳಿದರು. ಮುಂದಿನ ದೀಪಾವಳಿಯ ದಿನಾಂಕವನ್ನು ಹೇಳಿದೆ. ಆ ವೇಳೆಗೆ ನಾನು ಊರಿಗೆ ಮರಳಿರುತ್ತೇನೆಂದು ಬಲ್ಲವರಾದರೂ, ಅಡಿಗೆಮನೆಯ ಹೊಸ ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು.