ಆಯಿಲ್ ನಡೆಯುವ ದಾರಿ

ಅರ್ಧ ಇಂಚಿನ ಬಿಎಸ್‌ಪಿ ನಿಪ್ಪಲ್ಲನ್ನು ವರ್ನಿಯರ್‌ನಲ್ಲಿ ಹಿಡಿದು ಅಳೆಯಿರಿ, ಹೆಚ್ಚುಕಡಿಮೆ 21 ಮಿಲಿಮೀಟರ್ ತೋರಿಸುತ್ತದೆ. ಅರ್ಧ ಇಂಚು ಅಂದರೆ 13 ಮಿಲಿಮೀಟರೂ ಇಲ್ಲವಲ್ಲ, ಮಿಕ್ಕಿದ್ದು ಎಲ್ಲಿಂದ ಬಂತು? ಹಿಂದೆ ಪೈಪನ್ನು ಒಳಗಿನ ತೂತಿನ ಲೆಕ್ಕದಲ್ಲಿ ಕರೆಯುತ್ತಿದ್ದರು. ಥ್ರೆಡ್ ಹಾಕಿದ್ದು ಹೊರಮೈಗೆ. ಪೈಪಿನ ಹೆಸರೇ ಥ್ರೆಡ್‌ಗೂ ನಿಂತುಬಿಟ್ಟಿತು. ಇಂಚಿಗೆ 14 ಸುತ್ತು. ಅಮೆರಿಕದ ಎನ್‌ಪಿಟಿ ಥ್ರೆಡ್ ಕೂಡ ಈ ಅಳತೆಯಲ್ಲಿ ಇಂಚಿಗೆ 14 ಸುತ್ತೇ. ಆದರೆ ಅದು ತುದಿಗೆ ಸಣ್ಣಗಾಗುತ್ತ ಹೋಗುವ ಜಾತಿ, ಹಲ್ಲಿನ ಕೋನವೂ ಬೇರೆ. ಬಿಎಸ್‌ಪಿ ಬಾಯಿಗೆ ಅದನ್ನು ಕೊಟ್ಟರೆ ಎರಡು ಸುತ್ತು ಸಲೀಸಾಗಿ ಹೋಗಿ ನಮ್ಮನ್ನು ನಂಬಿಸಿ ಆಮೇಲೆ ಕಚ್ಚಿಕೊಳ್ಳುತ್ತದೆ. ನಿಪ್ಪಲ್ಲನ್ನು ಬೆರಳ ತುದಿಯಲ್ಲೇ ತಿರುಗಿಸಬೇಕು, ಮೊದಲೇ ಸ್ಪ್ಯಾನರ್ ಹಚ್ಚಬಾರದು ಎಂದು ನನಗೆ ಕಲಿಸಿದವರು ಲೇತಿನ ಸಾಬರು.

ನಮ್ಮದು ಚನ್ನಗಿರಿ ಕಡೆಯ ಅಡಿಕೆ ತೋಟ. ಸಾಲಿಂದ ಸಾಲಿಗೆ ಒಂಬತ್ತು ಅಡಿ. ದೊಡ್ಡ ಟ್ರಾಕ್ಟರ್ ಅಲ್ಲಿ ನುಗ್ಗಿದರೆ ಮರದ ಬುಡ ತರಚಿಕೊಂಡೇ ಹೊರಬರುತ್ತದೆ. ಅದಕ್ಕೇ ಬಹಳ ವರ್ಷಗಳ ಕೆಳಗೆ ಅಪ್ಪ 18 ಎಚ್‌ಪಿಯ ಮಿನಿ ಟ್ರಾಕ್ಟರ್ ಒಂದನ್ನು ತಂದರು. ಹಿಂದೆ ಮೂರು ಕೊಂಡಿಯ ಲಿಫ್ಟ್ ಇತ್ತು. ಉಳುವ ಉಪಕರಣವನ್ನು ಎಳೆಯುವುದಷ್ಟೇ ಅಲ್ಲ, ಗಾಡಿಯ ಮೈಗೇ ಕೂಡಿಸಿ ಆಯಿಲ್ ಬಲದಿಂದ ಎತ್ತಿ ಇಳಿಸಬೇಕು ಎಂದು ಹಟ ಹಿಡಿದವನು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್. 1939ರಲ್ಲಿ ಬಂದ ಫೋರ್ಡ್ 9ಎನ್ ಗಾಡಿಯ ಹಿಂದೆ ಇದ್ದದ್ದು ಅವನ ಲಿಫ್ಟೇ. ಇವತ್ತು ನಮ್ಮೂರಿನ ಪ್ರತಿ ಟ್ರಾಕ್ಟರಿನ ಹಿಂದೆ ಇರುವುದೂ ಅದರ ವಂಶವೇ. ಆದರೆ ನಮ್ಮ ಗಾಡಿಯಲ್ಲಿ ಆ ಬಲ ಲಿಫ್ಟ್ ಪೆಟ್ಟಿಗೆಯೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ಹೊರಗಿನ ಜಾಕ್‌ಗೆ ಆಯಿಲ್ ಕೊಡೋಣವೆಂದರೆ ಒಂದು ಬಾಯಿ ಇರಲಿಲ್ಲ.

ಬೇಸಿಗೆಯಲ್ಲಿ ಕೆರೆಯ ಹೂಳು ತಂದು ತೋಟಕ್ಕೆ ಹಾಕುವುದು ನಮ್ಮ ಕಡೆ ರೂಢಿ. ಒಂದು ಟ್ರೇಲರ್ ಹೂಳನ್ನು ಇಬ್ಬರು ಸಲಿಕೆ ಹಿಡಿದು ಇಳಿಸುವ ಹೊತ್ತಿಗೆ ಬೆನ್ನು ಬಿದ್ದುಹೋಗುತ್ತಿತ್ತು. ಗಾಡಿಯ ಹಿಂದೆ ಎರಡು ಔಟ್‌ಲೆಟ್ ಕೂರಿಸಿ ಟ್ರೇಲರಿಗೆ ಜಾಕ್ ಇಡೋಣ ಎಂದು ಹೊರಟದ್ದು ಅದಕ್ಕೆ. ಆಮೇಲೆ ಆ ಕೆಲಸವೇ ನನ್ನನ್ನು ಹಿಡಿದುಕೊಂಡಿತು.

ಹಿಡಿದುಕೊಂಡದ್ದು ಏನು ಎಂದರೆ, ಆಯಿಲ್ ನಡೆಯುವ ದಾರಿ. ಇಂಥ ಗಾಡಿಯಲ್ಲಿ ಇಂಜಿನ್ ತಿರುಗುವವರೆಗೂ ಗೇರ್ ಪಂಪು ಆಯಿಲ್ ತಳ್ಳುತ್ತಲೇ ಇರುತ್ತದೆ. ಯಾರೂ ಕೆಲಸ ಹೇಳದಿದ್ದರೆ ಅದು ಲಿಫ್ಟಿನ ವಾಲ್ವ್ ಹಾದು ಗೇರ್ ಬಾಕ್ಸಿಗೆ ವಾಪಸ್ಸು ಇಳಿಯುತ್ತದೆ, ಮತ್ತೆ ಪಂಪಿಗೆ ಬರುತ್ತದೆ. ದಾರಿಗೆ ಅಡ್ಡ ನಿಂತಾಗ ಮಾತ್ರ ಒತ್ತಡ ಏರುತ್ತದೆ. ಇದನ್ನು ಓಪನ್ ಸೆಂಟರ್ ಅನ್ನುತ್ತಾರೆ. ಔಟ್‌ಲೆಟ್ ಕೂರಿಸುವುದೆಂದರೆ ಪಂಪಿನಿಂದ ಲಿಫ್ಟಿಗೆ ಹೋಗುವ ಆ ಒಂದೇ ಪೈಪನ್ನು ನಡುವೆ ಬಿಡಿಸಿ, ಅಲ್ಲೊಂದು ವಾಲ್ವ್ ಇಡುವುದು. ಲಿವರ್ ಮುಟ್ಟದಿದ್ದರೆ ಆಯಿಲ್ ಎಂದಿನಂತೆ ಲಿಫ್ಟಿಗೆ ಹೋಗಬೇಕು. ಎಳೆದರೆ ಜಾಕ್‌ನ ಒಂದು ಬಾಯಿಗೆ, ತಳ್ಳಿದರೆ ಇನ್ನೊಂದು ಬಾಯಿಗೆ.

ವಾಲ್ವ್ ಕೂರಿಸಿ ಗಾಡಿ ಚಾಲೂ ಮಾಡಿದ ದಿನ ಜಾಕ್ ಚೆಂದವಾಗಿ ಆಡಿತು, ಆದರೆ ಲಿಫ್ಟ್ ಮೇಲೇಳಲೇ ಇಲ್ಲ. ಅರ್ಧ ದಿನ ಪಂಪನ್ನೇ ಅನುಮಾನಿಸಿದೆ. ಸಂಜೆ ಸಾಬರು ಬಂದು ವಾಲ್ವಿನ ಬದಿಯ ಪ್ಲಗ್ ಬಿಚ್ಚಿ, ಟಾರ್ಚ್ ಹಾಕಿ ಒಳಗೆ ನೋಡಿ ಅಂದರು: “ಅಲ್ರೀ ಗೌಡ್ರೇ, ಮನೆ ದಾರಿ ಹತ್ರ ಸಿಕ್ರೆ ಆಯಿಲ್ ಕೆಲಸಕ್ಕೆ ಯಾಕೆ ಹೋಗ್ತದೆ?” ಲಿಫ್ಟಿಗೆ ಹೋಗುವ ಬಾಯಿಯೊಳಗೆ ಪವರ್ ಬಿಯಾಂಡ್ ಎಂಬ ಉಕ್ಕಿನ ಚಿಕ್ಕ ತೋಳು ಇರಬೇಕಿತ್ತು. ಅಂಗಡಿಯವರು ಅದನ್ನು ಕೊಟ್ಟೇ ಇರಲಿಲ್ಲ. ಅದು ಇಲ್ಲದೆ ಮುಂದೆ ಹೋಗುವ ದಾರಿ, ಗೇರ್ ಬಾಕ್ಸಿಗೆ ಮರಳುವ ದಾರಿ ಒಳಗೇ ಒಂದಾಗಿಬಿಡುತ್ತವೆ. ಆಯಿಲ್ ಲಿಫ್ಟಿನ ಭಾರ ಹೊರುವ ಬದಲು ಸೀದಾ ಗೇರ್ ಬಾಕ್ಸಿಗೆ ಇಳಿಯುತ್ತದೆ. ಹೆಬ್ಬೆರಳಿನಷ್ಟು ಉದ್ದದ ತುಂಡು. ಮೂರು ದಿನ ಬಿಟ್ಟು ಅದು ಬಂತು, ಹಾಕಿದೆ, ಲಿಫ್ಟ್ ಎದ್ದಿತು.

ಕೂಡುವ ಜಾಗಗಳಲ್ಲಿ ಟೆಫ್ಲಾನ್ ಟೇಪ್ ಸುತ್ತಬೇಡಿ ಎಂದು ಕಂಡವರಿಗೆಲ್ಲ ಹೇಳುತ್ತೇನೆ. ಅದರ ಒಂದು ಎಳೆ ಕಿತ್ತು ವಾಲ್ವಿನೊಳಗೆ ಸೇರಿದರೆ ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ. ಡೌಟಿ ವಾಷರ್ ಇದೆಯಲ್ಲ, ಕಬ್ಬಿಣದ ಬಳೆಯೊಳಗೆ ರಬ್ಬರಿನ ತುಟಿ, ಅದು ಸಾಕು. ಒತ್ತಡ ಹೆಚ್ಚಿದಷ್ಟೂ ತುಟಿ ಇನ್ನೂ ಬಿಗಿಯಾಗಿ ಕೂರುತ್ತದೆ. ಅದನ್ನು ಯೋಚಿಸಿದವರ ಬುದ್ಧಿಗೆ ಕೈ ಮುಗಿಯಬೇಕು.

ಆಮೇಲೆ ಗೇಜ್. ಒತ್ತಡ ಮಿತಿ ಮೀರದಂತೆ ಕಾಯುವ ಗಾಡಿಯ ಸ್ವಂತ ರಿಲೀಫ್ ವಾಲ್ವಿಗಿಂತ ಹೊಸ ವಾಲ್ವಿನದು ತುಸು ಕೆಳಗಿರಲಿ ಎಂದು ಸ್ಕ್ರೂವನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತ ಮುಳ್ಳನ್ನು 130ಕ್ಕೆ ತಂದು ನಿಲ್ಲಿಸಿದೆ. ಚದರ ಸೆಂಟಿಮೀಟರಿಗೆ 130 ಕೆಜಿ. ಜಾಕ್‌ನ ಒಳವ್ಯಾಸ 63 ಮಿಲಿಮೀಟರ್. ಅಂದರೆ ಸುಮಾರು 31 ಚದರ ಸೆಂಟಿಮೀಟರ್ ಹರವು. ಗುಣಿಸಿ ನೋಡಿ, ನಾಲ್ಕು ಟನ್! ನಾನು ಬೆರಳಲ್ಲಿ ತಿರುಗಿಸುವ ಪೈಪಿನಲ್ಲಿ ನಾಲ್ಕು ಟನ್ ಹರಿದು ಬರುತ್ತದೆ. ಪ್ಯಾಸ್ಕಲ್ ಬರೆದಿಟ್ಟ ಈ ತತ್ವದ ಮೇಲೆ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಬೀಗ ಮಾಡುವುದರಲ್ಲಿ ಹೆಸರಾದವನು. ದ್ರವವನ್ನು ಬಂಧಿಸುವ ಕೆಲಸ ಅವನ ಕೈಗೇ ಬಂದದ್ದು ಸರಿಯಾಗೇ ಇದೆ ಅನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಕೊನೆಯ ತುಂಡು, ಕ್ವಿಕ್ ಕಪ್ಲರ್. ಹೊರಬಳೆಯನ್ನು ಹಿಂದಕ್ಕೆಳೆದರೆ ಒಳಗೆ ಸುತ್ತಲೂ ಕೂತ ಉಕ್ಕಿನ ಗುಂಡುಗಳು ಸಡಿಲವಾಗುತ್ತವೆ. ಹೋಸನ್ನು ಒತ್ತಿ ಬಿಟ್ಟರೆ ‘ಟಕ್’. ಎರಡೂ ಕಡೆಯ ಮುಚ್ಚಳಗಳು ಒಂದನ್ನೊಂದು ತಳ್ಳಿ ದಾರಿ ಬಿಡುತ್ತವೆ. ಕೂಡಿಸುವ ಮೊದಲು ಒಗೆದ ಹಳೇ ಪಂಚೆಯ ತುಂಡಿನಿಂದ ಎರಡೂ ಮೂತಿ ಒರೆಸುತ್ತೇನೆ. ಬಿಚ್ಚುವ ಮೊದಲು ಇಂಜಿನ್ ನಿಲ್ಲಿಸಿ ಲಿವರ್ ಆಚೀಚೆ ಆಡಿಸುತ್ತೇನೆ. ಒತ್ತಡ ಉಳಿಸಿಕೊಂಡೇ ಬಿಚ್ಚಿಟ್ಟ ಹೋಸು ಬಿಸಿಲಿಗೆ ಬಿದ್ದರೆ ಒಳಗಿನ ಆಯಿಲ್ ಹಿಗ್ಗಿ, ಮರುದಿನ ಎಷ್ಟು ಒತ್ತಿದರೂ ಕೂಡುವುದಿಲ್ಲ.

ಮೊದಲ ಟ್ರೇಲರ್ ಹೂಳು ಬಂದಾಗ ಅಪ್ಪನನ್ನೇ ಲಿವರ್ ಎಳೆಯಲು ಕೂರಿಸಿದೆ. ನಿಮಿಷಕ್ಕೆ 16 ಲೀಟರ್ ಕೊಡುವ ಪಂಪು. ಜಾಕ್‌ಗೆ ಬೇಕಾದದ್ದು ಒಂದೂವರೆ ಲೀಟರ್. ಆರೇ ಸೆಕೆಂಡು. ಇಂಜಿನ್ನಿನ ದನಿ ಒಂದು ಮೆಟ್ಟಿಲು ಇಳಿಯಿತು, ತೊಟ್ಟಿ ಮುಂದುಗಡೆ ಎದ್ದಿತು, ಹೂಳು ಒಮ್ಮೆ ನಡುಗಿ ಒಟ್ಟಿಗೆ ಜಾರಿತು. ಅಪ್ಪ ಇಳಿದು ಬಂದು ಖಾಲಿ ತೊಟ್ಟಿಯೊಳಗೆ ಇಣುಕಿದರು. “ಮೂಲೇಲಿ ಚೂರೂ ಉಳಿದಿಲ್ವಲ್ಲೋ” ಅಂದರು.

ಎಲ್ಲಾದರೂ ಸೋರುತ್ತಿದೆಯೇ ಎಂದು ಕೈ ಹಾಕಿ ನೋಡುವ ಹಾಗಿಲ್ಲ. ಕಣ್ಣಿಗೆ ಕಾಣದ ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗಿಳಿಯುತ್ತದೆ. ಮೊದಲು ನೋವೂ ಗೊತ್ತಾಗದು, ಆಮೇಲೆ ಬೆರಳೇ ಹೋಗಬಹುದು. ಅದಕ್ಕೆ ರಟ್ಟು ಹಿಡಿದು ಸುತ್ತ ಆಡಿಸಿದೆ. ರಾತ್ರಿ ಅದೇ ರಟ್ಟನ್ನು ವಾಲ್ವಿನ ಕೆಳಗೆ ಹಾಸಿ ಮಲಗಿದೆ. ಬೆಳಿಗ್ಗೆ ಟೀ ಕುಡಿಯುವ ಮೊದಲೇ ಹೋಗಿ ಎಳೆದು ನೋಡಿದರೆ ಗಾಳಿಗೆ ಹಾರಿಬಂದ ಹಿಂಗಾರದ ನಾಲ್ಕು ಹರಳು, ಒಂದು ಕಟ್ಟಿರುವೆ. ಆಯಿಲ್‌ನ ಚುಕ್ಕೆ ಇಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿ, ಜಾಕ್ ಕುಡಿದಿದ್ದ ಒಂದೂವರೆ ಲೀಟರನ್ನು ಗೇರ್ ಬಾಕ್ಸಿಗೆ ತುಂಬಿದೆ.